ಕೆಳಗಿನ ಬಾಲ ಸ್ವಲ್ಪ ಕತ್ತರಿಸಿ ಮಾರಾಯ್ರೆ

ಮೇಲ್‌ಗೆ ಉತ್ತರ ಬರೆಯುವುದು ಹೇಗೆ ಅಂತ ನಮಗೆ ಯಾರೂ ಕಲಿಸಲಿಲ್ಲ. ಪತ್ರ ಬರೆಯಲಿಕ್ಕೆ ಶಾಲೆಯಲ್ಲಿ ಕಲಿಸಿದ್ದರು. ಊರು, ತಾರೀಕು, ತೀರ್ಥರೂಪರಿಗೆ ನಮಸ್ಕಾರ, ಕೊನೆಗೆ ಇಂತಿ ನಿಮ್ಮ. ಮೇಲ್ ಬರುವಾಗ ನಾವು ದೊಡ್ಡವರಾಗಿದ್ದೆವು, ಸುಮ್ನೆ ರಿಪ್ಲೈ ಒತ್ತಿ ಬರೆಯಲು ಶುರು ಮಾಡಿದೆವು. ನಮ್ಮ ಎರಡು ಸಾಲಿನ ಕೆಳಗೆ ಇನ್ನೇನೆಲ್ಲ ಹೋಗುತ್ತಿದೆ ಅಂತ ಯಾರೂ ನೋಡಲಿಲ್ಲ.

ಅಲ್ಲಿ ಎದುರಿನವರು ಬರೆದದ್ದು ಇಡೀ ಇರುತ್ತದೆ. ಅದರ ಕೆಳಗೆ ಹೋದ ವಾರ ನೀವು ಬರೆದದ್ದು. ಅದರ ಕೆಳಗೆ ಅದಕ್ಕೂ ಹಿಂದಿನದ್ದು. ನಡುನಡುವೆ ಸಹಿಗಳು, ಸಹಿಯ ಕೆಳಗೆ ಲೋಗೊ, ಎರಡು ಫೋನ್ ನಂಬರ್, ಈ ಮೇಲ್ ಗೌಪ್ಯ ಅನ್ನುವ ಎಚ್ಚರಿಕೆ, ಪ್ರಿಂಟ್ ತೆಗೆಯುವ ಮೊದಲು ಮರಗಳ ಬಗ್ಗೆ ಯೋಚಿಸಿ ಅನ್ನುವ ಹಸಿರು ಸಾಲು. ಆ ಹಸಿರು ಸಾಲು ಒಂದೇ ಮೇಲ್‌ನಲ್ಲಿ ಏಳೆಂಟು ಸಲ ಬಂದದ್ದನ್ನು ನೋಡಿದ್ದೇನೆ. ಪ್ರಿಂಟ್ ತೆಗೆದರೆ ಅದಕ್ಕೇ ಒಂದು ಹಾಳೆ ಜಾಸ್ತಿ ಬೇಕು.

ಇದನ್ನು ನಾನು ಬಾಲ ಅನ್ನುತ್ತೇನೆ. ನನ್ನ ಹಠ ಇಷ್ಟೇ: ನನ್ನ ಮೇಲನ್ನು ಕತ್ತರಿಸಿ, ಬೇಕಾದ ಎರಡು ಸಾಲು ಮಾತ್ರ ಉಳಿಸಿ ಅದರ ಕೆಳಗೆ ಉತ್ತರ ಬರೆದವರು ಅದನ್ನು ಓದಿದ್ದಾರೆ. ಬಾಲ ಹಾಗೇ ಬಿಟ್ಟವರು ಓದಿರಬಹುದು, ಓದದೆಯೂ ಇರಬಹುದು, ನನಗೆ ಗೊತ್ತಾಗುವುದಿಲ್ಲ. ಯಾವ ಸಾಲು ಬೇಕು, ಯಾವುದು ಬೇಡ ಅಂತ ತೀರ್ಮಾನ ಮಾಡಬೇಕಾದರೆ ಎಲ್ಲ ಸಾಲಿನ ಮೇಲೂ ಒಮ್ಮೆ ಕಣ್ಣು ಹಾಯಿಸಲೇಬೇಕು, ಅಲ್ವಾ?

ಇಷ್ಟು ಸಣ್ಣ ವಿಷಯಕ್ಕೆ ಯಾಕೆ ಇಷ್ಟು ತಲೆಬಿಸಿ ಅಂತ ಕೇಳಬಹುದು. ನಮ್ಮ ಕುಟುಂಬದ ಕಥೆ ಹೇಳುತ್ತೇನೆ.

ಗುರುಪುರದ ಆಚೆ ನಮ್ಮ ಕುಟುಂಬದ ಮನೆ ಉಂಟು. ಮನೆಯ ಪಕ್ಕದಲ್ಲಿ ದೈವದ ಗುಡಿ, ವರ್ಷಕ್ಕೊಮ್ಮೆ ನೇಮ (ದೈವದ ಉತ್ಸವ). ಗುಡಿ ಹಳೆಯದಾಗಿತ್ತು, ಮಾಡು ಸೋರುತ್ತಿತ್ತು, ಜೀರ್ಣೋದ್ಧಾರ ಮಾಡುವ ಅಂತ ಎಲ್ಲರೂ ಒಪ್ಪಿದರು. ಎಲ್ಲರೂ ಅಂದರೆ ಊರಲ್ಲಿರುವ ದೊಡ್ಡ ಮಾವ, ಮುಂಬೈಯ ಮಾವ, ಬೆಂಗಳೂರಿನ ಅಕ್ಕ, ದುಬೈಯಲ್ಲಿರುವ ದೊಡ್ಡಮ್ಮನ ಮಗ (ನಮಗೆಲ್ಲ ಅಣ್ಣ), ಮಂಗಳೂರಿನಲ್ಲಿ ನಾವು ನಾಲ್ಕೈದು ಜನ. ವಾಟ್ಸಾಪ್ ಗುಂಪು ಉಂಟು, ಆದರೆ ಅದರಲ್ಲಿ ಗುಡ್ ಮಾರ್ನಿಂಗ್ ಹೂವುಗಳ ನಡುವೆ ಲೆಕ್ಕ ಕಳೆದುಹೋಗುತ್ತದೆ ಅಂತ ಅಣ್ಣನೇ ಹೇಳಿ ಮೇಲ್ ಶುರು ಮಾಡಿದ. ಪ್ಲಾನ್, ಕೊಟೇಶನ್, ಲೆಕ್ಕ ಎಲ್ಲ ಮೇಲ್‌ನಲ್ಲಿ. ಒಳ್ಳೆಯ ಯೋಚನೆಯೇ.

ಅಣ್ಣ ಮೊದಲ ಮೇಲ್‌ನಲ್ಲಿ ಐದು ಪ್ರಶ್ನೆ ಕೇಳಿದ. ಮಾಡಿಗೆ ಹಂಚು ಸಾಕಾ, ತಾಮ್ರ ಹೊದಿಸುವುದಾ? ಮರ ಹಲಸಿನದ್ದಾ, ಸಾಗುವಾನಿಯದ್ದಾ? ಬ್ರಹ್ಮಕಲಶ (ಜೀರ್ಣೋದ್ಧಾರ ಮುಗಿದ ಮೇಲಿನ ಉತ್ಸವ) ಏಪ್ರಿಲ್‌ನಲ್ಲಾ, ಮೇ ತಿಂಗಳಲ್ಲಾ? ಒಬ್ಬೊಬ್ಬರು ಎಷ್ಟು ಹಾಕಬೇಕು? ಲೆಕ್ಕ ಯಾರು ಇಡುವುದು? ಎರಡನೇ ದಿನ ಮುಂಬೈ ಮಾವನ ಉತ್ತರ ಬಂತು. ಬಾಲದ ಮೇಲೆ ಒಂದೇ ಸಾಲು: ‘ಆಯ್ತು, ಹಾಗೇ ಮಾಡುವ.’

ಹೇಗೆ ಮಾಡುವುದು? ಹಂಚಾ, ತಾಮ್ರವಾ? ಆಯ್ತು ಅಂದದ್ದು ಯಾವುದಕ್ಕೆ? ಬೆಂಗಳೂರಿನ ಅಕ್ಕ ಅದನ್ನು ಏಪ್ರಿಲ್ ಅಂತ ಓದಿ ರಜೆಗೆ ಅರ್ಜಿ ಹಾಕಿದಳು. ಊರಿನ ದೊಡ್ಡ ಮಾವ ಅದನ್ನು ತಾಮ್ರ ಅಂತ ಓದಿದರು, ಯಾಕೆಂದರೆ ಅವರಿಗೆ ತಾಮ್ರವೇ ಬೇಕಿತ್ತು. ಮುಂಬೈ ಮಾವನಿಗೆ ಫೋನ್ ಮಾಡಿ ಕೇಳಿದಾಗ, ‘ನಾನು ಲೆಕ್ಕ ಇಡುವ ವಿಷಯಕ್ಕೆ ಹೇಳಿದ್ದು ಮಾರಾಯ, ನೀನೇ ಇಡು’ ಅಂದರು. ಅಷ್ಟರಲ್ಲಿ ಆ ಮೇಲ್‌ನ ಮೇಲೆ ಇನ್ನೂ ಆರೇಳು ಉತ್ತರ ಕೂತಿದ್ದವು. ಪ್ರತಿಯೊಂದರಲ್ಲೂ ಕೆಳಗೆ ಇಡೀ ಬಾಲ. ಅಷ್ಟು ಉದ್ದದ ದಾಖಲೆ ಇದ್ದರೂ ಯಾರು ಯಾವುದಕ್ಕೆ ಹೂಂ ಅಂದರು ಅಂತ ಅದರಲ್ಲಿ ಎಲ್ಲೂ ಇರಲಿಲ್ಲ.

ಮಾವ ಹೀಗೆ ಬರೆದಿದ್ದರೆ ಎಲ್ಲ ಅಲ್ಲೇ ಮುಗಿಯುತ್ತಿತ್ತು:

> ಮಾಡಿಗೆ ಹಂಚು ಸಾಕಾ, ತಾಮ್ರ ಹೊದಿಸುವುದಾ?
ಹಂಚು ಸಾಕು. ತಾಮ್ರಕ್ಕೆ ದುಡ್ಡು ಎಲ್ಲಿಂದ?

> ಬ್ರಹ್ಮಕಲಶ ಏಪ್ರಿಲ್‌ನಲ್ಲಾ, ಮೇ ತಿಂಗಳಲ್ಲಾ?
ಏಪ್ರಿಲ್. ಮೇ ಕೊನೆಗೆ ಹೋದರೆ ಮಳೆ ಹಿಡಿಯುತ್ತದೆ.

> ಲೆಕ್ಕ ಯಾರು ಇಡುವುದು?
ನೀನೇ ಇಡು.

ಅಷ್ಟೇ. ಸಾಲಿನ ಮೊದಲು ಆ ಬಾಣದ ಗುರುತು ಇದ್ದರೆ ಅದು ಎದುರಿನವರ ಮಾತು. ಇಲ್ಲದಿದ್ದರೆ ನಮ್ಮದು. ಎರಡು ಬಾಣ ಇದ್ದರೆ ಅದಕ್ಕೂ ಹಿಂದಿನವರದ್ದು. ಉಳಿದದ್ದನ್ನು ಅಳಿಸಿಬಿಡುವುದು. ಪ್ರಶ್ನೆ ಮೇಲೆ, ಉತ್ತರ ಕೆಳಗೆ, ನಾವು ಓದುವ ಕ್ರಮದಲ್ಲೇ. ಮೇಲಿನಿಂದ ಕೆಳಗೆ ಓದುವ ಜನ ಮೇಲ್ ಮಾತ್ರ ಕೆಳಗಿನಿಂದ ಮೇಲಕ್ಕೆ ಓದುವುದನ್ನು ಹೇಗೆ ಒಪ್ಪಿಕೊಂಡರೋ ದೇವರಿಗೇ ಗೊತ್ತು.

ಈ ಕ್ರಮ ನಾನು ಕಂಡುಹಿಡಿದದ್ದಲ್ಲ. ಬಹಳ ಹಳೆಯದ್ದು. ನಮ್ಮ ದೇಶದಲ್ಲಿ ವಿಎಸ್‌ಎನ್‌ಎಲ್ ಸಂಸ್ಥೆ ಜನರಿಗೆ ಇಂಟರ್ನೆಟ್ ಕೊಡಲು ಶುರು ಮಾಡಿದ್ದು 1995ರ ಆಗಸ್ಟ್ 15ಕ್ಕೆ. ಅದೇ ವರ್ಷ ಅಕ್ಟೋಬರ್‌ನಲ್ಲಿ, ನೆಟ್‌ನಲ್ಲಿ ಹೇಗೆ ನಡೆದುಕೊಳ್ಳಬೇಕು ಅಂತ ಹೇಳುವ ಒಂದು ದಾಖಲೆ ಹೊರಬಂತು, ಆರ್‌ಎಫ್‌ಸಿ 1855 ಅಂತ ಅದರ ಹೆಸರು (ಇಂಟರ್ನೆಟ್‌ನ ಕ್ರಮಗಳನ್ನು ಬರೆದಿಡುವ ದಾಖಲೆಗಳಿಗೆ ಆರ್‌ಎಫ್‌ಸಿ ಅನ್ನುತ್ತಾರೆ). ಇಂಟೆಲ್ ಕಂಪನಿಯ ಸ್ಯಾಲಿ ಹ್ಯಾಂಬ್ರಿಜ್ ಬರೆದದ್ದು. ಅಂದರೆ ನಾವು ಒಳಗೆ ಕಾಲಿಟ್ಟು ಎರಡು ತಿಂಗಳಿಗೆ ಅಲ್ಲಿನ ನಡವಳಿಕೆಯ ಪಟ್ಟಿ ಸಿದ್ಧವಾಗಿತ್ತು. ನಾವು ಓದಲಿಲ್ಲ, ಅದು ಬೇರೆ. ಉತ್ತರ ಬರೆಯುವಾಗ ಮೂಲವನ್ನು ಚುಟುಕಾಗಿ ಮೇಲೆ ಹೇಳಿ, ಇಲ್ಲವಾದರೆ ಸಂದರ್ಭ ಗೊತ್ತಾಗುವಷ್ಟು ಮಾತ್ರ ಉಳಿಸಿ, ಇಡೀ ಮೂಲವನ್ನು ಸೇರಿಸಬೇಡಿ ಅಂತ ಅದರಲ್ಲಿ ಉಂಟು. ಸಹಿ ನಾಲ್ಕು ಸಾಲಿಗಿಂತ ಉದ್ದ ಬೇಡ ಅಂತಲೂ ಉಂಟು. ಏಳೆಂಟು ಹಸಿರು ಸಾಲಿನ ಕಂಪನಿಯವರು ಇದನ್ನು ಗೋಡೆಗೆ ಅಂಟಿಸಬಹುದು.

ಅದರಲ್ಲಿ ಕೊಟ್ಟ ಕಾರಣ ನನಗೆ ಇಷ್ಟ. ಆ ಕಾಲದಲ್ಲಿ ಸಾರ್ವಜನಿಕ ಚರ್ಚೆಯ ಸಂದೇಶಗಳು ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಕೈಯಿಂದ ಕೈಗೆ ಹೋಗುತ್ತಿದ್ದವು. ಹಾಗಾಗಿ ಕೆಲವೊಮ್ಮೆ ಪ್ರಶ್ನೆಗಿಂತ ಮೊದಲು ಉತ್ತರ ತಲುಪಿಬಿಡುತ್ತಿತ್ತು. ಓದುವವನಿಗೆ ಇದು ಯಾವುದರ ಉತ್ತರ ಅಂತ ಗೊತ್ತಾಗಬೇಕಾದರೆ ಪ್ರಶ್ನೆಯ ಒಂದು ಸಾಲು ಜೊತೆಗೆ ಇರಬೇಕು. ಒಂದು ಸಾಲು ಇದ್ದರೆ ಸಾಕು, ಇಡೀ ಪತ್ರ ಇದ್ದರೆ ದಂಡ. ಆಗ ಫೋನ್ ತಂತಿಯಲ್ಲಿ ಇಂಟರ್ನೆಟ್ ತರುವ ಮೋಡೆಮ್ ಕಾಲ ಬೇರೆ. ಆಮೇಲೆ ಬಂದ 56 ಕೆಬಿಪಿಎಸ್ ಮೋಡೆಮ್ ಕೂಡ ಪೂರ್ತಿ ವೇಗದಲ್ಲಿ ಓಡಿದರೆ ಒಂದು ಸೆಕೆಂಡಿಗೆ 7 ಕಿಲೊಬೈಟ್ ತರುತ್ತಿತ್ತು, ಪೂರ್ತಿ ವೇಗದಲ್ಲಿ ಅದು ಓಡುತ್ತಿರಲೂ ಇಲ್ಲ. ಮಂಗಳೂರು ಹಂಪನಕಟ್ಟೆಯ ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ಗಲ್ಫ್‌ನಲ್ಲಿರುವ ಗಂಡನ ಮೇಲ್ ತೆರೆಯಲು ಕಾಯುತ್ತಿದ್ದ ಹೆಂಗಸಿಗೆ, ತಾನೇ ಹೋದ ವಾರ ಬರೆದದ್ದು ಬಾಲವಾಗಿ ವಾಪಸ್ ಬಂದರೆ ಅದಕ್ಕೂ ದುಡ್ಡು ಅವಳದ್ದೇ.

ಮತ್ತೆ ಇದು ಹಾಳಾದದ್ದು ಹೇಗೆ? ನನಗೆ ಅನಿಸುವುದು ಆಫೀಸುಗಳಿಂದ. ಮೈಕ್ರೋಸಾಫ್ಟ್‌ನ ಔಟ್‌ಲುಕ್ ರಿಪ್ಲೈ ಒತ್ತಿದ ಕೂಡಲೇ ಕರ್ಸರ್ ಅನ್ನು ಮೇಲೆ ಇಡುತ್ತದೆ, ಕೆಳಗೆ ಒಂದು ಗೆರೆ ಎಳೆದು ಮೂಲವನ್ನು ಇಡೀ ಜೋಡಿಸುತ್ತದೆ. ಕರ್ಸರ್ ಎಲ್ಲಿ ಉಂಟೋ ಅಲ್ಲಿ ಜನ ಬರೆಯುತ್ತಾರೆ. ಅದು ಸಹಜ. 2004ರ ಏಪ್ರಿಲ್ 1ಕ್ಕೆ ಜಿಮೇಲ್ ಬಂತು, 1 ಜಿಬಿ ಜಾಗ ಕೊಟ್ಟಿತು, ಏನನ್ನೂ ಅಳಿಸಬೇಡಿ ಅಂತ ಹೇಳಿತು. ಜೊತೆಗೆ ಬಾಲವನ್ನು ಅಡಗಿಸಿತು, ಈಗ ಅದು ಮೂರು ಚುಕ್ಕಿಯ ಹಿಂದೆ ಇರುತ್ತದೆ. ಇದು ದೊಡ್ಡ ಉಪಕಾರ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಕಸ ಕಣ್ಣಿಗೆ ಬೀಳುತ್ತಿದ್ದರೆ ಎಂದಾದರೂ ಗುಡಿಸುತ್ತಿದ್ದೆವು.

ಈಗ ಜಾಗ, ವೇಗ ಎರಡೂ ಬೇಕಾದಷ್ಟು ಉಂಟಲ್ಲ ಅಂತ ಕೇಳುವವರಿಗೆ ಕನ್ನಡದ ಲೆಕ್ಕ ಹೇಳಬೇಕು. ಯೂನಿಕೋಡ್‌ನಲ್ಲಿ, ಈಗ ಎಲ್ಲರೂ ಬಳಸುವ ಯುಟಿಎಫ್-8 ಕ್ರಮದಲ್ಲಿ, ಕನ್ನಡದ ಒಂದೊಂದು ಅಕ್ಷರಕ್ಕೂ ಒಂದೊಂದು ಸ್ವರಚಿಹ್ನೆಗೂ ಮೂರು ಬೈಟ್ ಬೇಕು. ‘ಮಂಗಳೂರು’ ಅಂತ ಬರೆದರೆ ಮ, ಸೊನ್ನೆ, ಗ, ಳ, ಊಕಾರದ ಕೊಂಬು, ರ, ಉಕಾರದ ಕೊಂಬು, ಒಟ್ಟು ಏಳು. ಏಳು ಮೂರಲಿ 21 ಬೈಟ್. ಅದೇ ಹೆಸರು ಇಂಗ್ಲಿಷಿನಲ್ಲಿ 9 ಬೈಟ್. ಮೇಲ್ ಹೋಗುವಾಗ ಕೆಲವು ತಂತ್ರಾಂಶಗಳು ಪ್ರತಿ ಬೈಟನ್ನು ಮತ್ತೆ ಮೂರು ಚಿಹ್ನೆಯಾಗಿ ಬಿಡಿಸಿ ಕಳುಹಿಸುತ್ತವೆ, ಆಗ ಮಂಗಳೂರಿಗೆ 63. ಜಿಮೇಲ್ ಒಂದು ಮೇಲ್ ಸುಮಾರು 102 ಕಿಲೊಬೈಟ್ ದಾಟಿದರೆ ಉಳಿದದ್ದನ್ನು ಮಡಚಿಡುತ್ತದೆ, ಪೂರ್ತಿ ನೋಡಲಿಕ್ಕೆ ಇಲ್ಲಿ ಒತ್ತಿ ಅಂತ ಕೆಳಗೆ ಒಂದು ಸಾಲು ತೋರಿಸುತ್ತದೆ. ಕನ್ನಡದಲ್ಲಿ ಮಾತಾಡುವ ಕುಟುಂಬ ಆ ಗಡಿಯನ್ನು ಇಂಗ್ಲಿಷಿನವರಿಗಿಂತ ಬೇಗ ಮುಟ್ಟುತ್ತದೆ. ನಮ್ಮ ಗುಡಿಯ ಮೇಲ್ ಮುಟ್ಟಿತ್ತು.

ಯೂನಿಕೋಡ್ ಬರುವ ಮೊದಲಿನ ಅವಸ್ಥೆ ಇನ್ನೂ ಚಂದ. ಬರಹ, ನುಡಿ ಅನ್ನುವ ಕನ್ನಡ ತಂತ್ರಾಂಶಗಳ ಅಕ್ಷರಗಳಲ್ಲಿ ಬರೆದು ಕಳುಹಿಸಿದರೆ ಆ ಕಡೆ ಅದೇ ಫಾಂಟ್ ಇಲ್ಲದಿದ್ದರೆ ಕಾಣುವುದು ಚಿತ್ರವಿಚಿತ್ರ ಚಿಹ್ನೆ. ಯೂನಿಕೋಡ್ ಬಂದ ಮೇಲೂ ಕೆಲವು ಹಳೆಯ ಮೇಲ್ ತಂತ್ರಾಂಶಗಳಿಗೆ ಕನ್ನಡ ಗೊತ್ತಿರಲಿಲ್ಲ. ಉತ್ತರ ಬರೆದಾಗ ಮೂಲದಲ್ಲಿದ್ದ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗಿ ವಾಪಸ್ ಬರುತ್ತಿತ್ತು. ಎರಡು ಪುಟ ಪ್ರಶ್ನಾರ್ಥಕ ಚಿಹ್ನೆ, ಅದರ ಮೇಲೆ ಇಂಗ್ಲಿಷ್ ಲಿಪಿಯಲ್ಲಿ ‘ಸರಿ, ತಿಳಿಯಿತು’ ಅಂತ ಒಂದು ಉತ್ತರ. ಏನು ತಿಳಿಯಿತೋ!

ಬಾಲ ಇಲ್ಲದಿದ್ದರೆ ಹಿಂದಿನ ಮೇಲ್ ಹುಡುಕುವುದು ಹೇಗೆ ಅಂತ ಕೆಲವರು ಕೇಳುತ್ತಾರೆ. ಅದಕ್ಕೆ ವ್ಯವಸ್ಥೆ ಮೊದಲೇ ಉಂಟು. ನಮ್ಮ ಸರಕಾರಿ ಪತ್ರ ನೋಡಿ. ಮೇಲೆ ‘ವಿಷಯ’, ಅದರ ಕೆಳಗೆ ‘ಉಲ್ಲೇಖ’. ಉಲ್ಲೇಖದಲ್ಲಿ ಹಿಂದಿನ ಪತ್ರದ ಸಂಖ್ಯೆ, ತಾರೀಕು. ತಾಲೂಕು ಆಫೀಸಿನವರು ನಿಮ್ಮ ಅರ್ಜಿಗೆ ಉತ್ತರ ಕೊಡುವಾಗ ನಿಮ್ಮ ಅರ್ಜಿಯನ್ನು ಇಡೀ ಪುನಃ ಟೈಪ್ ಮಾಡುವುದಿಲ್ಲ. ಸಂಖ್ಯೆ ಹಾಕುತ್ತಾರೆ, ಬೇಕಾದವರು ಕಡತ ತೆಗೆದು ನೋಡುತ್ತಾರೆ. ಮೇಲ್‌ನಲ್ಲೂ ಹೀಗೆಯೇ. ಪ್ರತಿ ಮೇಲ್‌ಗೆ ತನ್ನದೇ ಒಂದು ಗುರುತಿನ ಸಂಖ್ಯೆ ಇರುತ್ತದೆ. ಉತ್ತರದ ತಲೆಬರಹದಲ್ಲಿ ಇದು ಯಾವ ಮೇಲ್‌ಗೆ ಉತ್ತರ, ಅದಕ್ಕೂ ಹಿಂದೆ ಯಾವುದೆಲ್ಲ ಇತ್ತು ಅಂತ ಆ ಸಂಖ್ಯೆಗಳು ಕಣ್ಣಿಗೆ ಕಾಣದ ಹಾಗೆ ಹೋಗುತ್ತವೆ. 1982ರ ಆರ್‌ಎಫ್‌ಸಿ 822ರಲ್ಲೇ ಇದಕ್ಕೆ ಜಾಗ ಮಾಡಿಟ್ಟಿದ್ದರು. ಇವತ್ತು ಜಿಮೇಲ್ ಒಂದೇ ವಿಷಯದ ಮೇಲ್‌ಗಳನ್ನು ಒಟ್ಟಿಗೆ ಜೋಡಿಸಿ ತೋರಿಸುವುದು ಇಂಥ ಸಂಖ್ಯೆಗಳಿಂದ. ಬಾಲ ಕತ್ತರಿಸಿದರೂ ಕೊಂಡಿ ಕಳಚುವುದಿಲ್ಲ.

ಆದರೆ ನಿಜವಾದ ಕಾರಣ ಬೇರೆ ಉಂಟು ಅಂತ ನನ್ನ ಅನುಮಾನ. ನಮ್ಮವರಿಗೆ ಬಾಲ ಬೇಕಾದದ್ದು ಸಾಕ್ಷಿಗೆ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಮುಂಬೈ ಮಾವ ಇದನ್ನು ಬಾಯಿಬಿಟ್ಟೇ ಹೇಳಿದರು: ‘ನಾಳೆ ನಾನು ಹಾಗೆ ಹೇಳಲೇ ಇಲ್ಲ ಅಂತ ಯಾರಾದರೂ ಅಂದರೆ? ಕೆಳಗೆ ಇರಲಿ ಬಿಡು.’ ಜಿಲ್ಲೆ ತುಂಬ ಬ್ಯಾಂಕ್ ಹುಟ್ಟಿಸಿದ ಊರು ನಮ್ಮದು, ಈ ಯೋಚನೆ ರಕ್ತದಲ್ಲೇ ಉಂಟು. ಆದರೆ ಆ ಬಾಲ ಸಾಕ್ಷಿಯೇ ಅಲ್ಲ. ರಿಪ್ಲೈ ಒತ್ತಿದ ಕೂಡಲೇ ಕೆಳಗಿರುವುದೆಲ್ಲ ನಾನು ತಿದ್ದಬಹುದಾದ ಅಕ್ಷರ. ಮಾವ ಎರಡು ಲಕ್ಷ ಅಂತ ಬರೆದದ್ದನ್ನು ಐದು ಲಕ್ಷ ಮಾಡಿ ಕಳುಹಿಸಿದರೆ ಯಾವ ಗುರುತೂ ಉಳಿಯುವುದಿಲ್ಲ. ಸಾಕ್ಷಿ ಬೇಕಿದ್ದರೆ ಅದು ನಿಮ್ಮ ಪೆಟ್ಟಿಗೆಯಲ್ಲಿ ಬಂದು ಬಿದ್ದಿರುವ ಮೂಲ ಮೇಲ್. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಇಂಥ ದಾಖಲೆಗೆ ಮಾನ್ಯತೆ ಕೊಟ್ಟಿದೆ. ಕೋರ್ಟಿಗೆ ಅದರ ಪ್ರತಿ ಕೊಡುವಾಗ ಪ್ರಮಾಣಪತ್ರ ಬೇಕು, ಮೊದಲು ಸಾಕ್ಷ್ಯ ಕಾಯ್ದೆಯ 65ಬಿ ಅಡಿಯಲ್ಲಿ ಇತ್ತು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು. ಗುಡಿಯ ಮಾಡಿಗೆ ಕೋರ್ಟಿನವರೆಗೆ ಯಾರೂ ಹೋಗುವುದು ಬೇಡ. ಮೂಲ ಅಳಿಸದೆ ಇಟ್ಟುಕೊಂಡರೆ ಸಾಕು.

ಬಾಲದಿಂದ ರಕ್ಷಣೆಗಿಂತ ಮಾನ ಹೋಗುವುದೇ ಜಾಸ್ತಿ. ಕಾಂಟ್ರಾಕ್ಟರ್ ಕೊಟೇಶನ್ ಕಳುಹಿಸಿದರು. ನಾವು ನಮ್ಮೊಳಗೆ ಮಾತಾಡಿಕೊಂಡೆವು. ‘ಇವ ಜಾಸ್ತಿ ಹೇಳಿದ್ದಾನೆ’, ‘ಇಪ್ಪತ್ತು ಪರ್ಸೆಂಟ್ ಇಳಿಸಬಹುದು’, ‘ಒಪ್ಪದಿದ್ದರೆ ಕೊನೆಗೆ ಹತ್ತಕ್ಕೆ ಮುಗಿಸುವ’. ಕೊನೆಗೆ ನಮ್ಮಲ್ಲೊಬ್ಬ ಅದೇ ಮೇಲನ್ನು ಕಾಂಟ್ರಾಕ್ಟರ್‌ಗೆ ಕಳುಹಿಸಿ, ಮೇಲೆ ಬಹಳ ಮರ್ಯಾದೆಯಿಂದ, ‘ದಯವಿಟ್ಟು ಇಪ್ಪತ್ತು ಪರ್ಸೆಂಟ್ ಕಡಿಮೆ ಮಾಡಿಕೊಡಬೇಕು’ ಅಂತ ಬರೆದ. ಕೆಳಗಿನ ಮೂರು ಚುಕ್ಕಿ ಒತ್ತಿ ನೋಡಲಿಲ್ಲ. ಕಾಂಟ್ರಾಕ್ಟರ್ ನೋಡಿದರು. ಅವರ ಉತ್ತರ ಒಂದೇ ಸಾಲು: ‘ಹತ್ತಕ್ಕೇ ಮುಗಿಸುವ ಸಾರ್.’ ಆ ಮನುಷ್ಯನ ಮೇಲೆ ನನಗೆ ಗೌರವ ಬಂದದ್ದು ಅವತ್ತು. ಎಷ್ಟು ಬೇಕೋ ಅಷ್ಟನ್ನೇ ಎತ್ತಿಕೊಂಡು ಉತ್ತರ ಕೊಟ್ಟದ್ದು ನಮ್ಮ ಇಡೀ ಮೇಲ್ ಸರಣಿಯಲ್ಲಿ ಅವರೊಬ್ಬರೇ.

ಕತ್ತರಿಸುವುದರಲ್ಲೂ ಮೋಸ ಮಾಡಬಹುದು. ಇದನ್ನು ಹೇಳದಿದ್ದರೆ ನಾನು ಒಂದೇ ಪಕ್ಷ ಹಿಡಿದ ಹಾಗೆ ಆಗುತ್ತದೆ. ಅಕ್ಕ ಬರೆದಿದ್ದಳು: ‘ನನ್ನ ಪಾಲು ಕೊಡುತ್ತೇನೆ, ಆದರೆ ಪ್ರತಿ ತಿಂಗಳು ಲೆಕ್ಕ ಕಳುಹಿಸಬೇಕು.’ ಒಬ್ಬರು ಅದರಲ್ಲಿ ‘ನನ್ನ ಪಾಲು ಕೊಡುತ್ತೇನೆ’ ಅನ್ನುವಷ್ಟನ್ನೇ ಉಳಿಸಿ ಕೆಳಗೆ ಧನ್ಯವಾದ ಬರೆದರು. ಎಲ್ಲೂ ಸುಳ್ಳಿಲ್ಲ. ಅಕ್ಷರ ಒಂದೂ ಬದಲಾಗಿಲ್ಲ. ಆದರೂ ಅಕ್ಕನಿಗೆ ಬಂದ ಸಿಟ್ಟು ನ್ಯಾಯವಾದದ್ದೇ. ಕತ್ತರಿ ನಮ್ಮ ಕೈಯಲ್ಲಿ ಇರುವಾಗ ‘ಆದರೆ’ಯ ಮೊದಲು ನಿಲ್ಲಿಸಬಾರದು. ನಡುವೆ ಬಿಟ್ಟದ್ದು ಉಂಟು ಅಂತ ಮೂರು ಚುಕ್ಕಿ ಹಾಕಿ ತೋರಿಸಬೇಕು. ಇನ್ನೊಂದು, ಹೆಸರಿನ ಸಾಲು. ಇಂಥ ದಿನ ಇಂಥವರು ಬರೆದರು ಅಂತ ಮೇಲೆ ತಾನಾಗಿ ಬರುತ್ತದಲ್ಲ, ಅದು. ಮಾತು ಇಟ್ಟುಕೊಂಡು ಹೆಸರಿನ ಸಾಲು ಅಳಿಸಿದರೆ, ಇಲ್ಲವೇ ಹೆಸರು ಉಳಿದು ಮಾತು ಬೇರೆಯವರದ್ದಾದರೆ, ಮನೆ ಒಡೆಯಲಿಕ್ಕೆ ಅಷ್ಟು ಸಾಕು. ‘ಹೋದ ನೇಮದ ಲೆಕ್ಕವೇ ಸರಿ ಇಲ್ಲ’ ಅನ್ನುವ ಸಾಲು ಯಾರದ್ದು ಅಂತ ನಮ್ಮಲ್ಲಿ ಎರಡು ವಾರ ಮುನಿಸು ನಡೆಯಿತು. ಬಾಣಗಳು ನಾಲ್ಕು ಪದರ ಆಗಿದ್ದವು, ಹೆಸರುಗಳು ಎರಡೇ ಉಳಿದಿದ್ದವು. ಸಾಲು ದೊಡ್ಡ ಮಾವನ ಹೆಸರಿನ ಕೆಳಗೆ ಬಂದು ಕೂತಿತ್ತು. ಅವರಿಗೆ ಮೇಲ್ ಬರೆಯಲಿಕ್ಕೇ ಬರುವುದಿಲ್ಲ, ಮಗಳ ಕೈಯಲ್ಲಿ ಬರೆಸುತ್ತಾರೆ.

ಇದನ್ನೆಲ್ಲ ಯೋಚಿಸುವಾಗ ನನಗೆ ತಾಳಮದ್ದಳೆ ನೆನಪಾಗುತ್ತದೆ. ಪತ್ತನಾಜೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ ಇಡೀ ನಮ್ಮ ಕಡೆ ತಾಳಮದ್ದಳೆಯದ್ದೇ ಗೌಜಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಾಡುತ್ತಾರೆ. ಬರೆದು ತಂದ ಸಂಭಾಷಣೆ ಇಲ್ಲ, ಎದುರಿನವ ಏನು ಹೇಳಿದ ಅಂತ ಕೇಳಿಯೇ ಉತ್ತರ ಕೊಡಬೇಕು. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಒಂದರ ಹಿಂದೆ ಒಂದು ಕೇಳುತ್ತಾನೆ. ಮರೆಯಲ್ಲಿ ನಿಂತು ಯಾಕೆ ಹೊಡೆದೆ? ನನಗೂ ನಿನಗೂ ಏನು ದ್ವೇಷ? ಸೀತೆ ಬೇಕಿದ್ದರೆ ನನ್ನನ್ನೇ ಕೇಳಬಹುದಿತ್ತಲ್ಲ? ರಾಮನಾಗಿ ಕೂತವರು ಒಳ್ಳೆಯ ಅರ್ಥಧಾರಿಯಾದರೆ, ‘ಮರೆಯಲ್ಲಿ ನಿಂತು ಹೊಡೆದೆ ಅಂದೆಯಲ್ಲ ವಾಲಿ’ ಅಂತ ಅಷ್ಟನ್ನೇ ಎತ್ತಿಕೊಳ್ಳುತ್ತಾರೆ. ಅದಕ್ಕೆ ಉತ್ತರ ಹೇಳಿ ಮುಗಿಸುತ್ತಾರೆ. ಆಮೇಲೆ ಮುಂದಿನದ್ದು. ವಾಲಿಯ ಮಾತನ್ನು ಇಡೀ ಪುನಃ ಒಪ್ಪಿಸುವುದಿಲ್ಲ, ಸಭೆ ಅದನ್ನು ಆಗಷ್ಟೇ ಕೇಳಿದೆ. ಎದುರಿನವರ ಬಾಯಿ ತಪ್ಪಿ ಬಂದ ಒಂದು ಪದ ಹಿಡಿದು ಅದರಲ್ಲೇ ಜೋತುಬಿದ್ದು ದೊಡ್ಡ ಪ್ರಶ್ನೆಯಿಂದ ಜಾರಿಕೊಳ್ಳುವವರೂ ಇರುತ್ತಾರೆ. ಆಗ ಎದುರು ಕೂತ ಅಜ್ಜಂದಿರ ಮುಖ ನೋಡಬೇಕು! ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯ ಹಳೆಯ ಧ್ವನಿಮುದ್ರಣ ಸಿಕ್ಕಿದರೆ ಕೇಳಿ. ಎದುರಿನವರ ಮಾತಿನಲ್ಲಿ ಯಾವ ಎಳೆ ಎತ್ತಬೇಕು, ಯಾವುದನ್ನು ಬಿಡಬೇಕು ಅನ್ನುವುದು ಯಾವ ಆರ್‌ಎಫ್‌ಸಿಗಿಂತಲೂ ಚಂದ ಗೊತ್ತಾಗುತ್ತದೆ. ಇದನ್ನು ಕೇಳಿ ಬೆಳೆದ ನಾವು ಮೇಲ್‌ನಲ್ಲಿ ‘ಆಯ್ತು, ಹಾಗೇ ಮಾಡುವ’ ಅಂತ ಬರೆಯುವುದು ನನಗೆ ಅರ್ಥವೇ ಆಗುವುದಿಲ್ಲ.

ಎಲ್ಲ ಕಡೆ ಕತ್ತರಿ ಬೇಕು ಅಂತ ಅಲ್ಲ. ಒಂದೇ ಪ್ರಶ್ನೆ, ಒಂದೇ ಉತ್ತರ ಆದರೆ ಮೇಲೆ ಬರೆದರೂ ಏನೂ ಆಗುವುದಿಲ್ಲ. ಆಫೀಸಿನಲ್ಲಿ ಹೊಸಬರನ್ನು ನಡುವೆ ಸೇರಿಸಿಕೊಂಡಾಗ ಹಿಂದಿನ ಕಥೆ ಅವರಿಗೂ ಬೇಕು, ಅಲ್ಲಿ ಬಾಲ ಇರಲಿ. ಆಗಲೂ, ‘ಇಲ್ಲಿಯವರೆಗೆ ಹೀಗಾಗಿದೆ’ ಅಂತ ಮೂರು ಸಾಲು ಮೇಲೆ ಬರೆದರೆ ಅವರು ಇಡೀ ಪುರಾಣ ಓದುವುದು ತಪ್ಪುತ್ತದೆ. ಹಿರಿಯರ ಮಾತನ್ನು ಕತ್ತರಿಸಿದರೆ ಅಗೌರವ ಅಂತ ಅಂಜುವವರೂ ನಮ್ಮಲ್ಲಿ ಇದ್ದಾರೆ. ದೊಡ್ಡ ಮಾವನ ಮಗಳು ಹಾಗೆ ಹೇಳಿದಳು, ಮಾವನ ಮೇಲ್ ಅಳಿಸಲಿಕ್ಕೆ ಕೈ ಬರುವುದಿಲ್ಲ ಅಂತ. ಆದರೆ ಆ ಮಾವನ ಕಷ್ಟ ನೋಡಿ. ಅವರಿಗೆ ಫೋನಿನ ಸಣ್ಣ ಅಕ್ಷರ ಕಾಣುವುದಿಲ್ಲ. ಮಗಳು ಪ್ರತಿ ಮೇಲ್ ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಕೊಂಡುಹೋಗುತ್ತಾಳೆ. ಒಂದು ಸಾಲಿನ ಹೊಸ ಉತ್ತರಕ್ಕೆ ಹಳೆಯ ಬಾಲವೆಲ್ಲ ಪುನಃ ಪ್ರಿಂಟ್. ಮಾವ ಶ್ರದ್ಧೆಯಿಂದ ಮೊದಲ ಪುಟದಿಂದ ಕೊನೆಯವರೆಗೆ ಓದಿ, ‘ಇದನ್ನು ಮೊನ್ನೆಯೇ ಓದಿದ್ದೆನಲ್ಲ’ ಅನ್ನುತ್ತಾರೆ. ಗೌರವ ಇದಾ?

ಫೋನಿನಲ್ಲಿ ಬರೆಯುವವರಿಗೆ ಕಷ್ಟ ಇರುವುದು ನಿಜ. ಹೆಬ್ಬೆರಳಲ್ಲಿ ಉದ್ದದ ಬಾಲ ಆರಿಸಿ ಅಳಿಸುವುದು ತಾಳ್ಮೆಯ ಕೆಲಸ. ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್ ಅಥವಾ ಆಪಲ್‌ನ ಮೇಲ್ ಇದ್ದರೆ ಸುಲಭದ ದಾರಿ ಉಂಟು: ಬೇಕಾದ ಸಾಲನ್ನು ಮೌಸ್‌ನಲ್ಲಿ ಆರಿಸಿ, ಆಮೇಲೆ ರಿಪ್ಲೈ ಒತ್ತಿದರೆ ಅಷ್ಟೇ ಸಾಲು ಉತ್ತರಕ್ಕೆ ಬರುತ್ತದೆ. ಜಿಮೇಲ್‌ನಲ್ಲಿ ಮೂರು ಚುಕ್ಕಿ ಒತ್ತಿ ಬಿಡಿಸಿ, ಬೇಡದ್ದನ್ನು ಅಳಿಸಿ. ಅಷ್ಟೂ ಆಗದಿದ್ದರೆ ಬಾಲ ಪೂರ್ತಿ ತೆಗೆದು, ಯಾವುದಕ್ಕೆ ಉತ್ತರ ಅಂತ ನಿಮ್ಮದೇ ಮಾತಿನಲ್ಲಿ ಬರೆಯಿರಿ. ‘ಹಂಚಿನ ವಿಷಯ: ಹಂಚು ಸಾಕು.’ ಇದಕ್ಕೆ ಬಾಣವೂ ಬೇಡ, ಏನೂ ಬೇಡ. ಸಹಿಯ ಮೊದಲು ಎರಡು ಅಡ್ಡಗೆರೆ, ಒಂದು ಖಾಲಿ ಜಾಗ ಇರುವ ಸಾಲು ಹಾಕುವ ಹಳೆಯ ಪದ್ಧತಿಯೂ ಉಂಟು, ಕೆಲವು ತಂತ್ರಾಂಶಗಳು ಅದನ್ನು ಗುರುತಿಸಿ ಉತ್ತರ ಬರೆಯುವಾಗ ಸಹಿಯನ್ನು ತಾವೇ ತೆಗೆಯುತ್ತವೆ. ನಮ್ಮ ಕಂಪನಿಗಳಲ್ಲಿ ಇದು ನಡೆಯುವ ಕಾಲ ಬರುತ್ತದೆ ಅಂತ ನನಗೆ ಆಸೆ ಇಲ್ಲ.

ಕುಟುಂಬದಲ್ಲಿ ಬಾಣದ ಗುರುತು ಯಾರಿಗೂ ಹಿಡಿಸಲಿಲ್ಲ, ಅದು ಕಂಪ್ಯೂಟರಿನವರದ್ದು ಅಂದರು. ಹಾಗಾಗಿ ಅಣ್ಣ ಈಗ ಪ್ರಶ್ನೆಗಳಿಗೆ ಸಂಖ್ಯೆ ಹಾಕುತ್ತಾನೆ. ಮುಂಬೈ ಮಾವನ ಮೊನ್ನೆಯ ಉತ್ತರ ಹೀಗಿತ್ತು: ‘1 ಹಂಚು. 2 ಹಲಸು. 3 ಏಪ್ರಿಲ್. 4 ಫೋನ್ ಮಾಡಿ ಹೇಳುತ್ತೇನೆ.’ ಕೆಳಗೆ ಬಾಲ ಇರಲಿಲ್ಲ. ನಾಲ್ಕನೆಯದ್ದು ದುಡ್ಡಿನ ಪ್ರಶ್ನೆ, ಫೋನ್ ಇನ್ನೂ ಬಂದಿಲ್ಲ.